ಇಪ್ಪತ್ತು ಚಿತ್ರ, ಎರಡು ಕೈ

ಕತ್ತರಿಯಕ್ಕನಿಗೆ ಆ ಹೆಸರು ಕೈಯಿಂದ ಬಂತೋ ಬಾಯಿಂದ ಬಂತೋ ಅಂತ ಕೇಳಿದರೆ ಬೀದಿಯವರು ನಕ್ಕು ಸುಮ್ಮನಾಗುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ಅವಳದು ದರ್ಜಿ ಕೆಲಸ. ಗಂಡಸರ ಪ್ಯಾಂಟು, ಕೋಟು, ಶಾಲೆ ಮಕ್ಕಳ ಯೂನಿಫಾರಂ ಎಲ್ಲ ಅವಳೇ ಕತ್ತರಿಸಬೇಕು, ಆಮೇಲೆ ಅಂಗಡಿಯ ಮೂವರು ಕೆಲಸದ ಹೆಂಗಸರು ಮಿಷನ್ನಿನಲ್ಲಿ ಹೊಲಿಯಬೇಕು. ಅಂಗಡಿಗೆ ಬರುವವರು ಬಟ್ಟೆ ಮೈಗೆ ಸರಿಯಾಗಿ ಕೂರಲಿ ಅಂತ ಬರುತ್ತಿದ್ದರೇ ಹೊರತು ನಯವಾದ ಮಾತು ಕೇಳಲಿಕ್ಕಲ್ಲ. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವವನನ್ನು ಕಂಡರೆ, ಉಸಿರು ಬಿಡಪ್ಪಾ, ಪ್ಯಾಂಟು ಹಾಕಿಕೊಳ್ಳೋದು ನೀನೋ ನಿನ್ನ ಆಸೆಯೋ ಅಂದುಬಿಡುತ್ತಿದ್ದಳು. ಅವನು ಉಸಿರು ಬಿಡುತ್ತಿದ್ದ. ಟೇಪು ನಾಲ್ಕು ಇಂಚು ಹಿಗ್ಗುತ್ತಿತ್ತು.

ಇಂಥವಳ ಅಂಗಡಿಯ ಕಟಿಂಗ್ ಮೇಜಿನ ಕೆಳಗೆ ಎರಡು ವರ್ಷ ಒಂದು ಮಗು ಕೂತು ಚಿತ್ರ ಬರೆಯಿತು. ಅವಳ ತಂಗಿಯ ಮಗಳು. ತಂಗಿಗೆ ಬ್ಯಾಂಕಿನಲ್ಲಿ ಕೆಲಸ, ತಂಗಿಯ ಗಂಡ ಹಲ್ಲಿನ ಡಾಕ್ಟರು, ಇಬ್ಬರೂ ಸಂಜೆಯವರೆಗೆ ಮನೆಯಲ್ಲಿರುವುದಿಲ್ಲ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಗು ದೊಡ್ಡಮ್ಮನ ಅಂಗಡಿಗೇ ಬರುವುದು. ದುಂಡು ಮುಖ, ಅದರಲ್ಲಿ ನಾಲ್ಕು ತೂತು ಕೊರೆದ ಹಾಗೆ ಕಣ್ಣು ಮೂಗು. ದೊಡ್ಡಮ್ಮ ಅದನ್ನು ಗುಂಡಿ ಅಂತ ಕರೆಯುತ್ತಿದ್ದಳು, ಅಂಗಿಯ ಗುಂಡಿ. ತಂಗಿಗೆ ಆ ಹೆಸರು ಕೇಳಿದರೆ ಮೈಯೆಲ್ಲ ಉರಿ. ಅಷ್ಟು ಚಂದದ ಹೆಸರಿಟ್ಟಿದ್ದೇವೆ, ಅದನ್ನು ಕರೆಯೋಕೆ ನಿನ್ನ ನಾಲಿಗೆಗೆ ಏನು ಧಾಡಿ ಅಂತ ಜಗಳ ತೆಗೆಯುತ್ತಿದ್ದಳು.

ಕಟಿಂಗ್‌ಗೆ ಬಳಸುವ ಖಾಕಿ ಕಾಗದದ ತುಂಡು, ಮುರಿದ ದರ್ಜಿ ಸೀಮೆಸುಣ್ಣ, ಇಷ್ಟೇ ಮಗುವಿನ ಸಾಮಾನು. ಕತ್ತರಿಯಕ್ಕ ಒಂದು ದಿನವೂ ಚೆನ್ನಾಗಿದೆ ಅಂದವಳಲ್ಲ. ಕೈಕೆಲಸ ಬಿಟ್ಟು ಬಗ್ಗಿ, ಟ್ರಯಲ್‌ಗೆ ನಿಂತವನ ಪ್ಯಾಂಟು ನೋಡುವ ಹಾಗೆ ಚಿತ್ರ ನೋಡುತ್ತಿದ್ದಳು. ಒಂದು ಸಲ ನಾಯಿ ಬರೆದಿತ್ತು.

"ಇದಕ್ಕೆ ಯಾಕೆ ಮೂರೇ ಕಾಲು?"

"ಇನ್ನೊಂದನ್ನ ಅದು ನೆಕ್ತಾ ಇದೆ."

ಕತ್ತರಿಯಕ್ಕ ಮತ್ತೊಮ್ಮೆ ನೋಡಿದಳು. ಹೌದು, ಕತ್ತು ಹಿಂದಕ್ಕೆ ತಿರುಗಿತ್ತು, ಬಾಲದಿಂದ ನಾಲಿಗೆವರೆಗೆ ಸುಣ್ಣ ಎತ್ತದೆ ಎಳೆದ ಒಂದೇ ಗೆರೆ. ಹಾಗಾದರೆ ಸರಿ ಅಂತ ಹೇಳಿ ಕತ್ತರಿ ಕೈಗೆತ್ತಿಕೊಂಡಳು. ಅವಳ ಬಾಯಲ್ಲಿ ಸರಿ ಅನ್ನಿಸಿಕೊಂಡ ಗಂಡಸರು ಆ ಬೀದಿಯಲ್ಲಿ ಇಬ್ಬರೋ ಮೂವರೋ ಇದ್ದರು.

ಆ ನಾಯಿಯನ್ನು ಅವಳು ಅಳತೆ ಚೀಟಿಗಳ ಜೊತೆ ಮೊಳೆಗೆ ಸಿಕ್ಕಿಸಿದ್ದಳು. ಕೋಟಿನ ಟ್ರಯಲ್‌ಗೆ ಬಂದ ಡಾಕ್ಟರು ಅದನ್ನು ಕಂಡು, ನಮ್ಮ ಮಗಳದಾ ಅಂತ ಕೇಳಿ, ಕಿತ್ತುಕೊಂಡು ಹೋಗಿ ಕ್ಲಿನಿಕ್ಕಿನ ಗೋಡೆಗೆ ಅಂಟಿಸಿದರು. ಅಲ್ಲಿಂದ ಶುರುವಾಯಿತು ಗ್ರಹಚಾರ.

ಕ್ಲಿನಿಕ್ಕಿಗೆ ಹಲ್ಲುಸೆಟ್ಟು ಮಾಡಿಸಿಕೊಳ್ಳಲು ಒಬ್ಬ ರಿಟೈರಾದ ಕಾಲೇಜು ಮೇಷ್ಟ್ರು ಬರುತ್ತಿದ್ದರು. ಯಾವುದೋ ಕಾಲದಲ್ಲಿ ಪತ್ರಿಕೆಗೆ ಚಿತ್ರಕಲೆಯ ಬಗ್ಗೆ ಬರೆದವರಂತೆ. ಬಾಯಿ ಅಗಲಿಸಿಕೊಂಡು ಅರ್ಧ ಗಂಟೆ ಆ ನಾಯಿಯನ್ನೇ ನೋಡುತ್ತ ಮಲಗಿದ್ದರು. ಬೇರೆ ನೋಡಲಿಕ್ಕೆ ಅಲ್ಲಿ ಏನೂ ಇರಲಿಲ್ಲ. ಬಾಯಿ ಬಿಡುಗಡೆಯಾದ ಮೇಲೆ, ಈ ಗೆರೆಯಲ್ಲಿ ಒಂದು ಆದಿಮ ಮೌನ ಇದೆ ಡಾಕ್ಟ್ರೇ ಅಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದಲೇ ಇದು ದೊಡ್ಡ ವಿಷಯ ಅನ್ನುವುದು ಖಾತ್ರಿಯಾಯಿತು. ಆ ದಿನದಿಂದ ಅವರ ನಡಿಗೆಯೇ ಬೇರೆ.

ಮಗುವಿಗೆ ಮನೆಯಲ್ಲಿ ಮೇಜು ಬಂತು, ಕುರ್ಚಿ ಬಂತು, ಕತ್ತು ಬಗ್ಗಿಸುವ ದೀಪ ಬಂತು, ನಲವತ್ತೆಂಟು ಬಣ್ಣದ ಪೆಟ್ಟಿಗೆ ಬಂತು. ಸೀಮೆಸುಣ್ಣದ ಧೂಳು ಎದೆಗೆ ಒಳ್ಳೆಯದಲ್ಲ, ಮಿಷನ್ ಹೆಂಗಸರ ಮಾತು ಕಿವಿಗೆ ಒಳ್ಳೆಯದಲ್ಲ ಅಂತ ಅಂಗಡಿಗೆ ಕಳಿಸುವುದು ನಿಂತಿತು. ನೋಡಿಕೊಳ್ಳಲು ಒಬ್ಬ ಆಯಾ ಬಂದಳು. ದಿನಕ್ಕೊಂದು ಚಿತ್ರ, ಊಟಕ್ಕೆ ಮೊದಲು. ನಾಲ್ಕು ತಿಂಗಳಲ್ಲಿ ಕತ್ತರಿಯಕ್ಕ ಮಗುವನ್ನು ನೋಡಿದ್ದು ನಾಲ್ಕು ಸಲ. ನಾಲ್ಕು ಸಲವೂ ಅದರ ಕೈ ಸ್ವಚ್ಛವಾಗಿತ್ತು. ಅದು ಅವಳಿಗೆ ಸರಿಬರಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದ್ದರೆ ಮಗು ಬೇಕು, ಅಷ್ಟೇ ಅನ್ನುತ್ತಿದ್ದಳೇನೋ. ಯಾರೂ ಕೇಳಲಿಲ್ಲ.

ಒಂದು ಗುರುವಾರ ತಂಗಿ ಬ್ಯಾಂಕಿನಿಂದ ನೇರ ಅಂಗಡಿಗೆ ಬಂದು ಮೇಜಿನ ಮೇಲೆ ಒಂದು ಕಟ್ಟು ಇಟ್ಟಳು. ಇಪ್ಪತ್ತು ಚಿತ್ರ. ಭಾನುವಾರ ಸಂಜೆ ಕ್ಲಿನಿಕ್ಕಿನ ಮಹಡಿಯ ಹಾಲಿನಲ್ಲಿ ಪ್ರದರ್ಶನವಂತೆ, ಮೇಷ್ಟ್ರೇ ಉದ್ಘಾಟನೆಯಂತೆ. ಪ್ರತಿಯೊಂದನ್ನೂ ಬೂದು ಬಟ್ಟೆಯ ಮೇಲೆ ಕೂರಿಸಿ ಸುತ್ತ ಪಟ್ಟಿ ಹೊಲಿದು ಕೊಡಬೇಕು. ನೀನಾದರೆ ಅಂಚು ನೇರ ಬರುತ್ತೆ ಅಕ್ಕ ಅಂದಳು. ಕತ್ತರಿಯಕ್ಕ, ಐದೂವರೆ ವರ್ಷದ ಮಗುವಿಗೆ ಉದ್ಘಾಟನೆಯಂತೆ, ನಾಮಕರಣಕ್ಕೂ ಇಷ್ಟು ಜನ ಕರೆದಿರಲಿಲ್ಲ ಅಂತ ಗೊಣಗಿಕೊಂಡೇ ಕಟ್ಟು ಬಿಚ್ಚಿದಳು.

ಮೊದಲ ಎರಡು ನೋಡಿ ಪಕ್ಕಕ್ಕಿಟ್ಟಳು. ಮೂರನೆಯದಕ್ಕೆ ಕೈ ನಿಂತಿತು.

ಅವಳು ಸ್ವಂತ ಅಂಗಡಿ ಇಡುವ ಮೊದಲು ದೊಡ್ಡ ಟೈಲರಿಂಗ್ ಅಂಗಡಿಯೊಂದರಲ್ಲಿ ಆರು ವರ್ಷ ಇದ್ದಳು. ಅಲ್ಲಿ ನಾಲ್ವರು ಕಟಿಂಗ್ ಮಾಸ್ಟರುಗಳು. ಬಟ್ಟೆ ಕೆಟ್ಟರೆ ನಾನಲ್ಲ, ಅವನು ಅಂತ ನಾಲ್ವರೂ ಒಬ್ಬರ ಮೇಲೊಬ್ಬರು ಹಾಕುತ್ತಿದ್ದರು. ಆಗ ಯಜಮಾನ ಇವಳನ್ನು ಕರೆದು ತುಂಡು ಮುಂದೆ ಹಿಡಿಯುತ್ತಿದ್ದ. ಇವಳು ಸುಣ್ಣದ ಗೆರೆ ನೋಡಿ ಯಾರ ಕೈ ಅಂತ ಹೇಳುತ್ತಿದ್ದಳು. ಒಬ್ಬ ಶುರುವಿನಲ್ಲೇ ಒತ್ತುತ್ತಿದ್ದ. ಒಬ್ಬ ಕಂಕುಳ ತಿರುವಿಗೆ ಬಂದಾಗ ಉಸಿರು ತೆಗೆದುಕೊಳ್ಳುತ್ತಿದ್ದ, ಅಲ್ಲೊಂದು ಚುಕ್ಕೆ ದಪ್ಪ. ಆರು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಅದಕ್ಕೇ ನಾಲ್ವರಿಗೂ ಇವಳನ್ನು ಕಂಡರೆ ಆಗುತ್ತಿರಲಿಲ್ಲ.

ಈಗ ಅವಳ ಮುಂದಿದ್ದದ್ದು ಒಂದು ಕಾಗೆ. ಗುಂಡಿಯ ಗೆರೆ ಎಲ್ಲಿಂದಲೋ ಓಡಿಬಂದು ಎಲ್ಲಿಗೋ ಓಡುವಂಥದ್ದು, ಮಧ್ಯೆ ಮಧ್ಯೆ ಬಿಟ್ಟುಹೋಗುವಂಥದ್ದು. ಈ ಕಾಗೆಯ ಕೊಕ್ಕಿನ ಹತ್ತಿರ ಇನ್ನೊಂದು ಗೆರೆ ಇತ್ತು. ಸಣ್ಣದು, ನಡುಗದ್ದು, ಮೊದಲಿಂದ ಕೊನೆವರೆಗೆ ಒಂದೇ ತೂಕ. ಬಿಟ್ಟುಹೋದ ಜಾಗವನ್ನೆಲ್ಲ ಹುಡುಕಿ ಹುಡುಕಿ ಮುಚ್ಚಿತ್ತು. ಮುಂದಿನದು ನಗುವ ಹೆಂಗಸು. ಅವಳ ಬಾಯಲ್ಲಿ ಮೇಲೆ ಎಂಟು ಕೆಳಗೆ ಎಂಟು ಹಲ್ಲು, ಅಕ್ಕಪಕ್ಕದ ಸಂದು ಸಮೇತ ಅಳೆದು ಕೂರಿಸಿದ್ದು. ಐದೂವರೆ ವರ್ಷದ ಮಗು ಹಲ್ಲು ಎಣಿಸಿ ಬರೆಯುವುದಿಲ್ಲ.

"ಹಾಳಾದವನು," ಅಂದಳು ಕತ್ತರಿಯಕ್ಕ, "ಚಿತ್ರಕ್ಕೂ ಫಿಲ್ಲಿಂಗ್ ಹಾಕಿದಾನೆ."

ಮಿಷನ್ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಅವಳು ಚಿತ್ರಗಳನ್ನು ಎರಡು ಗುಡ್ಡೆ ಮಾಡಿದಳು. ಡಾಕ್ಟರು ಮುಟ್ಟದವು ಏಳು, ಮುಟ್ಟಿದವು ಹದಿಮೂರು. ಹದಿಮೂರರಲ್ಲಿ ಕೊನೆಯದು ಒಂದು ಬೆಕ್ಕು. ನಾಲ್ಕು ಕಾಲೂ ಒಂದೇ ಎತ್ತರ, ಮೀಸೆ ಆ ಕಡೆ ಮೂರು ಈ ಕಡೆ ಮೂರು, ಬಾಲ ನೆಟ್ಟಗೆ. ಇದನ್ನಂತೂ ಪೂರ್ತಿ ಅವನೇ ಬರೆದಿದ್ದಾನೆ, ಮಗು ಪಕ್ಕದಲ್ಲೂ ಕೂತಿರಲಿಲ್ಲ ಅಂದುಕೊಂಡಳು.

ಮಾರನೆಯ ದಿನ ಹೋಗಿ ತಂಗಿಯನ್ನು ತರಾಟೆಗೆ ತೆಗೆದುಕೊಂಡಳು. ತಂಗಿ ಮೊದಲು ಇಲ್ಲ ಅಂದಳು, ಆಮೇಲೆ ಅಲ್ಪಸ್ವಲ್ಪ ಅಂದಳು, ಆಮೇಲೆ ಮಗುವಿನ ಹೋಂವರ್ಕ್ ತಿದ್ದಲ್ವಾ, ಇದೂ ಹಾಗೇ ಅಂದಳು. ಆ ಏಳನ್ನಷ್ಟೇ ನೇತುಹಾಕಿ, ಸೋಮವಾರದಿಂದ ಮಗುವನ್ನು ಮೊದಲಿನ ಹಾಗೆ ಅಂಗಡಿಗೆ ಕಳಿಸು, ಇಲ್ಲದಿದ್ದರೆ ಅದರ ಕೈ ಕೆಡುತ್ತೆ ಅಂತ ಕತ್ತರಿಯಕ್ಕ ಪಟ್ಟು ಹಿಡಿದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ತಂಗಿ ಇಷ್ಟು ದಿನ ಒಳಗಿಟ್ಟುಕೊಂಡಿದ್ದನ್ನು ಹೊರಗೆ ಹಾಕಿದಳು.

"ಅಪ್ಪ ಅಮ್ಮ ಹೋದ ಮೇಲೆ ನನ್ನನ್ನ ಸಾಕಿದೆ, ಓದಿಸಿದೆ, ಇಲ್ಲ ಅನ್ನಲ್ಲ. ಆ ಲೆಕ್ಕದಲ್ಲಿ ನನ್ನ ಮಗಳೂ ನಿನ್ನದೇ ಅಂದ್ಕೊಂಡಿದೀಯ. ಅವಳಿಗೆ ನಾಲ್ಕು ಜನ ಚಪ್ಪಾಳೆ ತಟ್ಟಿದ್ರೆ ನಿನಗೆ ಹೊಟ್ಟೆ ಉರಿ."

ಅದರಲ್ಲಿ ಸ್ವಲ್ಪ ನಿಜ ಇತ್ತು. ಅದಕ್ಕೇ ಕತ್ತರಿಯಕ್ಕನಿಗೆ ಕೆಂಡ ತುಳಿದ ಹಾಗಾಯಿತು. ಉರಿಯೋದು ಹೊಟ್ಟೆಯಲ್ಲ ಕಣೇ, ಕಣ್ಣು ಅಂತ ಹೇಳಿ ಎದ್ದಳು. ಹೊಲಿದು ಕೊಡುವುದಾದರೆ ಕೊಡು, ಬೇರೆ ದರ್ಜಿಗಳು ಸತ್ತಿಲ್ಲ ಅಂತ ತಂಗಿ ಬೆನ್ನ ಹಿಂದಿನಿಂದ ಕೂಗಿದಳು.

ಬೇರೆಯವರ ಕೈಗೆ ಆ ಏಳು ಚಿತ್ರ ಹೋಗುವುದು ಅವಳಿಗೆ ಬೇಕಿರಲಿಲ್ಲ. ಇಪ್ಪತ್ತಕ್ಕೂ ಪಟ್ಟಿ ಹೊಲಿದಳು, ಅಂಚು ಕೂದಲೆಳೆ ವ್ಯತ್ಯಾಸವಿಲ್ಲದ ಹಾಗೆ. ಹದಿಮೂರು ಚಿತ್ರಗಳ ಬಟ್ಟೆಯ ಬಲಮೂಲೆಯಲ್ಲಿ ಮಾತ್ರ ಬಿಳಿ ಸುಣ್ಣದಲ್ಲಿ ಒಂದು ಸಣ್ಣ ಅಡ್ಡಗೀಟು ಉದ್ದಗೀಟು ಎಳೆದಳು. ಟ್ರಯಲ್ ಆದ ಮೇಲೆ, ಇಲ್ಲಿ ತಪ್ಪಾಗಿದೆ, ಬಿಚ್ಚಿ ಹೊಲಿಯಬೇಕು ಅನ್ನುವ ಕಡೆ ದರ್ಜಿಗಳು ಹಾಕುವ ಗುರುತು ಅದು. ಭಾನುವಾರ ಬೆಳಿಗ್ಗೆ ಕಟ್ಟು ತೆಗೆದುಕೊಂಡು ಹೋಗಲು ಬಂದ ಡಾಕ್ಟರು ಗುರುತನ್ನು ನೋಡಿದರೂ ಏನೂ ಕೇಳಲಿಲ್ಲ. ಡಿಸೈನ್ ಅಂದುಕೊಂಡಿರಬೇಕು.

ಸಂಜೆ ಹಾಲಿನಲ್ಲಿ ಇಪ್ಪತ್ತೈದು ಮೂವತ್ತು ಜನ ಸೇರಿದ್ದರು. ಹೆಚ್ಚಿನವರು ಡಾಕ್ಟರ ಹತ್ತಿರ ಹಲ್ಲು ಸರಿ ಮಾಡಿಸಿಕೊಂಡವರು, ಹಾಗಾಗಿ ಎಲ್ಲರೂ ಧಾರಾಳವಾಗಿ ನಗುತ್ತಿದ್ದರು. ಟೀ, ಬಿಸ್ಕತ್ತು, ಬಾಡಿಗೆ ಕುರ್ಚಿ. ಗುಂಡಿಯನ್ನು ರೆಡಿಮೇಡ್ ಫ್ರಾಕಿನಲ್ಲಿ ತುರುಕಿ ಬಾಗಿಲ ಹತ್ತಿರ ನಿಲ್ಲಿಸಿದ್ದರು. ಭುಜದ ಹತ್ತಿರ ಬಿಗಿ, ಸೊಂಟದ ಹತ್ತಿರ ಸಡಿಲ. ಕತ್ತರಿಯಕ್ಕನಿಗೆ ಅದೊಂದೇ ಸಾಕಿತ್ತು ರಕ್ತ ಕುದಿಯಲಿಕ್ಕೆ. ಆದರೂ ಗೋಡೆಗೆ ಒರಗಿ ಸುಮ್ಮನೆ ನಿಂತಳು. ಗುರುತಿನ ಅರ್ಥ ಗೊತ್ತಿರುವ ತಂಗಿಗೆ ಅದನ್ನು ನೋಡಿ ನಾಚಿಕೆಯಾಗಲಿ, ಅಷ್ಟು ಸಾಕು ಅಂದುಕೊಂಡು ಬಂದಿದ್ದಳು.

ಮೇಷ್ಟ್ರು ಹೊಸ ಹಲ್ಲುಸೆಟ್ಟಿನಲ್ಲಿ ಚಿತ್ರದಿಂದ ಚಿತ್ರಕ್ಕೆ ಹೋಗುತ್ತ ಮಾತಾಡಿದರು. ಗುರುತಿಲ್ಲದ ಏಳು ಚಿತ್ರಗಳ ಮುಂದೆ ಅವರು ನಿಲ್ಲಲೇ ಇಲ್ಲ. ನಗುವ ಹೆಂಗಸಿನ ಮುಂದೆ ನಿಂತು, ಈ ಹಲ್ಲುಗಳ ಸಾಲಿನಲ್ಲಿ ನಮ್ಮ ಕಾಲದ ಕ್ರೌರ್ಯ ಇದೆ ಅಂದರು. ಡಾಕ್ಟರು ತಲೆಯಾಡಿಸಿದರು. ಕಾಗೆಯ ಮುಂದೆ ನಿಂತು, ಕೊಕ್ಕು ಮುಚ್ಚಿದೆ ನೋಡಿ, ಹೇಳಲಾಗದ ಮಾತು ಅಂದರು. ಆಮೇಲೆ ಕನ್ನಡಕ ಮೂಗಿನ ತುದಿಗಿಳಿಸಿ ಬಟ್ಟೆಯ ಮೂಲೆಗೆ ಬಗ್ಗಿದರು.

"ಈ ಬಿಳಿ ಗೀಟುಗಳನ್ನ ನೋಡಿದಿರಾ? ಮಗು ತನ್ನ ಚಿತ್ರವನ್ನ ತಾನೇ ನಿರಾಕರಿಸ್ತಾ ಇದೆ. ಅದ್ಭುತ."

ಜನ ಬಗ್ಗಿ ನೋಡಿದರು. ಒಬ್ಬಾಕೆ ಫೋಟೋ ತೆಗೆದುಕೊಂಡಳು.

"ಮೇಷ್ಟ್ರೇ," ಅಂದಳು ಕತ್ತರಿಯಕ್ಕ ಗೋಡೆ ಬಿಟ್ಟು ಮುಂದೆ ಬಂದು, "ಅದು ದರ್ಜಿ ಗುರುತು. ಕೆಲಸ ಕೆಟ್ಟಿರೋ ಕಡೆ ಹಾಕೋದು. ಹಾಕಿದವಳು ನಾನು."

ತಂಗಿ ಬಂದು ತೋಳು ಹಿಡಿದಳು. ಕತ್ತರಿಯಕ್ಕ ಕೊಡವಿಕೊಂಡಳು. ಒಮ್ಮೆ ಬಾಯಿ ತೆರೆದ ಮೇಲೆ ಮುಚ್ಚುವ ಜಾತಿ ಅವಳದಲ್ಲ. ಒಂದೊಂದೇ ಚಿತ್ರದ ಮುಂದೆ ನಿಂತು ಬೆರಳಿಟ್ಟು ತೋರಿಸಿದಳು, ಇಲ್ಲಿವರೆಗೆ ಮಗು, ಇಲ್ಲಿಂದ ಡಾಕ್ಟರು. ಈ ಹಲ್ಲು ನಿಮ್ಮದು ಡಾಕ್ಟರೇ, ನಿಮ್ಮ ಅಂಗಡಿಯ ಮಾಲು ನಮಗೆ ಗೊತ್ತಾಗಲ್ವಾ. ಈ ಕೊಕ್ಕೂ ನಿಮ್ಮದು, ಕಾಗೆ ಕೂಗ್ತಾ ಇತ್ತು, ನೀವು ಬಾಯಿ ಹೊಲಿದಿರಿ. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಡಾಕ್ಟರು ಮೊದಲು ತಾವೂ ನಕ್ಕರು, ಅಕ್ಕನಿಗೆ ತಮಾಷೆ ಜಾಸ್ತಿ ಅಂದರು. ಐದನೆಯ ಚಿತ್ರಕ್ಕೆ ಬರುವಾಗ ನಗು ಇರಲಿಲ್ಲ. ಕಿವಿ ಕೆಂಪಾಗಿತ್ತು. ಹೌದು, ಅಲ್ಲಲ್ಲಿ ಕೈ ಹಾಕಿದೀನಿ, ಮಗುವಿಗೆ ಪ್ರೋತ್ಸಾಹ ಬೇಡವಾ, ತಪ್ಪೇನು ಅಂದರು. ಮೇಷ್ಟ್ರು ಟೀ ಕಪ್ಪಿನೊಳಗೆ ಏನೋ ಹುಡುಕುತ್ತಿದ್ದರು.

ಹನ್ನೆರಡು ಮುಗಿದು ಹದಿಮೂರನೆಯದರ ಮುಂದೆ ಕತ್ತರಿಯಕ್ಕ ನಿಂತಳು.

"ಈ ಬೆಕ್ಕಂತೂ ಪೂರ್ತಿ ನಿಮ್ಮದೇ. ಇದರಲ್ಲಿ ಗುಂಡಿಯ ಒಂದು ಗೆರೆಯೂ ಇಲ್ಲ."

ಡಾಕ್ಟರು ಬೆಕ್ಕನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. ಧ್ವನಿ ಇಳಿದಿತ್ತು.

"ಇದನ್ನ ನಾನು ಮುಟ್ಟೇ ಇಲ್ಲ ಅಕ್ಕ."

"ಸುಳ್ಳು ಹೇಳಬೇಡಿ."

"ಅದು ನಾನು ಬರೆದಿದ್ದು," ಅಂತ ಬಾಗಿಲ ಕಡೆಯಿಂದ ಮಗು ಹೇಳಿತು. "ಸ್ಕೇಲಿಟ್ಟು ಬರೆದೆ. ಮೀಸೇನೂ ನಾನೇ. ಅಪ್ಪ ಆಗ ಮನೇಲೇ ಇರಲಿಲ್ಲ."

ಕತ್ತರಿಯಕ್ಕ ಮತ್ತೆ ನೋಡಿದಳು. ಮುಖ ಕಾಗದಕ್ಕೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಸಣ್ಣ ಗೆರೆ, ನಡುಗದ ಗೆರೆ, ಒಂದೇ ತೂಕ. ಎಲ್ಲೂ ಬಿಟ್ಟುಹೋಗಿಲ್ಲ. ನಾಲ್ವರು ಮಾಸ್ಟರುಗಳ ಮುಂದೆ ತಪ್ಪದ ಕಣ್ಣು ಈಗ ತಪ್ಪಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಅವಳಿಗೆ ಹೊಳೆಯಿತು. ಮೇಲಿನ ಹೊಲಿಗೆ ಬಿಚ್ಚಿದರೆ ಅಡಿಯಲ್ಲಿ ಮಗುವಿನ ಬಟ್ಟೆ ಹಾಗೇ ಇರುತ್ತದೆ ಅಂತ ನಂಬಿಕೊಂಡು ಬಂದಿದ್ದಳು. ಇಲ್ಲಿ ಬಿಚ್ಚಲಿಕ್ಕೆ ಏನೂ ಇರಲಿಲ್ಲ. ಅಪ್ಪನ ಕೈ ಮಗುವಿನ ಕೈಯೊಳಗೇ ಹೋಗಿ ಕೂತಿತ್ತು.

"ನೋಡಿದ್ಯಾ?" ಅಂದಳು ತಂಗಿ ಎಲ್ಲರಿಗೂ ಕೇಳುವ ಹಾಗೆ. "ದೊಡ್ಡ ಕಣ್ಣಿನವಳು ಬಂದುಬಿಟ್ಟಳು ಗುರುತು ಹಾಕೋಕೆ."

ಈಗ ನಗು ಕತ್ತರಿಯಕ್ಕನ ಕಡೆಗೆ ತಿರುಗಿತು. ಅದನ್ನು ಅವಳು ತಡೆದುಕೊಂಡಾಳು. ಮಗು ನಡೆದು ಬಂದು ಅವಳ ಮುಂದೆ ನಿಂತಿತು. ಕೈ ಹಿಂದೆ ಕಟ್ಟಿಕೊಂಡಿತ್ತು.

"ದೊಡ್ಡಮ್ಮ, ಚೆನ್ನಾಗಿದೆಯಾ?"

ಎರಡು ವರ್ಷ ಮೇಜಿನ ಕೆಳಗೆ ಕೂತಿದ್ದಾಗ ಒಂದು ದಿನವೂ ಅದು ಹಾಗೆ ಕೇಳಿರಲಿಲ್ಲ. ಯಾಕೆ ಮೂರು ಕಾಲು ಅಂದರೆ ಉತ್ತರ ಕೊಡುತ್ತಿತ್ತು, ಅಷ್ಟೇ. ಈಗ ಕತ್ತೆತ್ತಿ ಕಾಯುತ್ತಿತ್ತು. ಜನರೂ ಕಾಯುತ್ತಿದ್ದರು, ತಂಗಿಯೂ. ಚೆನ್ನಾಗಿದೆ ಕಂದ ಅಂದರೆ ಮುಗಿಯಿತು. ಅಕ್ಕನ ಬಾಯಿ ಕೆಟ್ಟದ್ದು, ಮನಸ್ಸು ಒಳ್ಳೆಯದು ಅಂತ ತಂಗಿ ನಾಲ್ಕು ದಿನದಲ್ಲಿ ತಣ್ಣಗಾಗುತ್ತಾಳೆ, ವಾರಕ್ಕೊಮ್ಮೆಯಾದರೂ ಮಗುವನ್ನು ಕಳಿಸುತ್ತಾಳೆ. ಇದೆಲ್ಲ ಕತ್ತರಿಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ ಕಣೇ," ಅಂದಳು. "ಚೆನ್ನಾಗಿಲ್ಲ."

ಯಾರೋ ಛೆ ಅಂದರು. ಒಬ್ಬಾಕೆ, ಇವಳೇನು ಹೆಂಗಸೋ ರಾಕ್ಷಸಿಯೋ ಅಂದಳು. ಡಾಕ್ಟರು ಕುರ್ಚಿಯ ಮೇಲಿದ್ದ ಅವಳ ಚೀಲ ತಂದು ಕೈಗೆ ಕೊಟ್ಟು ಬಾಗಿಲ ಕಡೆ ನೋಡಿದರು. ಇನ್ನು ಈ ಮೆಟ್ಟಿಲು ಹತ್ತಬೇಡ ಅಂದಳು ತಂಗಿ. ಕತ್ತರಿಯಕ್ಕ ಮೆಟ್ಟಿಲಿಳಿದಳು. ಅರ್ಧ ಇಳಿದಾಗ ಹಿಂದಿನಿಂದ ಧಡಧಡ ಹೆಜ್ಜೆ ಸದ್ದು ಬಂತು. ಫ್ರಾಕನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡು ಗುಂಡಿ ಇಳಿದು ಬರುತ್ತಿತ್ತು. ಅಳುತ್ತಿರಲಿಲ್ಲ. ಮುಖ ಸಿಟ್ಟಿನಿಂದ ಊದಿತ್ತು.

"ಯಾಕೆ ಚೆನ್ನಾಗಿಲ್ಲ? ಹೇಳು."

ಕತ್ತರಿಯಕ್ಕ ಮೆಟ್ಟಿಲ ಮೇಲೆ ಕೂತಳು. ಯಾವ ಬೆಕ್ಕನ್ನು ನೋಡಿ ಬರೆದೆ ಅಂತ ಕೇಳಿದಳು. ಯಾವುದೂ ಇಲ್ಲ, ಬೆಕ್ಕು ಹಾಗೇ ಇರುತ್ತೆ ಅಂದಿತು ಮಗು. ಕಾಲು ಸಮ ಇರಬೇಕು, ಇಲ್ಲದಿದ್ದರೆ ಬೀಳುತ್ತೆ ಅಂತ ಅಪ್ಪ ಹೇಳಿದಾರೆ. ಅದು ನಿಂತುಕೊಂಡು ಏನು ಮಾಡ್ತಿದೆ ಅಂದರೆ, ಸುಮ್ಮನೆ ನಿಂತಿದೆ ಅಂದಿತು.

"ಸುಮ್ಮನೆ ಯಾರೂ ನಿಲ್ಲಲ್ಲ. ಹಸಿವಾ? ಹೆದರಿಕೆಯಾ?"

ಮಗು ಕೆಳತುಟಿ ಕಚ್ಚಿಕೊಂಡು ಯೋಚಿಸಿತು. "ಕಾಯ್ತಾ ಇದೆ."

"ಯಾರನ್ನ?"

"ನಿನಗೆ ಹೇಳಲ್ಲ."

"ಹೇಳಬೇಡ. ಕಾಯ್ತಿರೋದು ಅದರ ಮೈಯಲ್ಲಿ ಎಲ್ಲಿ ಕಾಣುತ್ತೆ, ಅಷ್ಟು ಹೇಳು."

"ಬಾಲದಲ್ಲಿ."

"ಅದು ಬಾಲವಾ? ಪೊರಕೆ ಕಡ್ಡಿ."

"ಸುಳ್ಳು. ನಿನಗೆ ನೋಡೋಕೆ ಬರಲ್ಲ. ಅಪ್ಪ ಬರೆದದ್ದು ಅಂದ್ಯಲ್ಲ, ನಿನಗೆ ಏನೂ ಗೊತ್ತಿಲ್ಲ."

"ಆಯ್ತು, ನನಗೆ ಗೊತ್ತಿಲ್ಲ. ಕಾಯೋ ಬೆಕ್ಕಿನ ಕಿವಿ ಹೀಗಿರುತ್ತಾ? ಎರಡೂ ಒಂದೇ ಕಡೆ?"

ಮಗು ಸೊಂಟದ ಮೇಲೆ ಕೈಯಿಟ್ಟುಕೊಂಡು, ಇರುತ್ತೆ ಅಂತ ಕಿರುಚಿತು. ಇರಲ್ಲ ಅಂದಳು ಕತ್ತರಿಯಕ್ಕ, ಅವಳೂ ಧ್ವನಿ ತಗ್ಗಿಸಲಿಲ್ಲ. ಕೇಳಿದವರು ಇಬ್ಬರು ಗಿರಾಕಿಗಳ ಜಗಳ ಅಂದುಕೊಳ್ಳಬೇಕು, ಹಾಗೆ. ತಂಗಿ ಮೇಲಿನ ಮೆಟ್ಟಿಲ ತುದಿಗೆ ಬಂದು, ಪೂರ್ತಿ ಹೆಸರು ಹಿಡಿದು ಮಗಳನ್ನು ಕರೆದಳು.

"ಇರಮ್ಮ," ಅಂದಿತು ಮಗು ತಿರುಗಿಯೂ ನೋಡದೆ. "ನಾವು ಮಾತಾಡ್ತಾ ಇದೀವಿ."

ತಂಗಿ ದಡಬಡ ಇಳಿದು ಬಂದಳು. ಮಗುವಿನ ರಟ್ಟೆ ಹಿಡಿದು ಎಳೆದಳು. ಫ್ರಾಕಿನ ಭುಜದ ಹೊಲಿಗೆ ಚರ್ರಂತ ಬಿಟ್ಟಿತು. ಅಕ್ಕನ ಮುಖ ನೋಡದೆ, ಇದನ್ನೂ ನಿನ್ನ ಕಡೆಗೆ ತಿರುಗಿಸಿಕೊಂಡುಬಿಟ್ಟೆ, ನೆಮ್ಮದಿಯಾಯ್ತಾ ಅಂದಳು. ಮಗು ಕತ್ತರಿಯಕ್ಕನ ಕಡೆ ತಿರುಗಿದ್ದು ಎಲ್ಲಿ, ಎರಡು ನಿಮಿಷದಿಂದ ಅವಳನ್ನು ಬೈಯುತ್ತಿತ್ತು. ಅಮ್ಮ ಮಗಳು ಮೇಲೆ ಹೋದರು. ಬಾಗಿಲು ಹಾಕಿಕೊಂಡಿತು.

ಒಳಗಿನಿಂದ ಮೇಷ್ಟ್ರ ಧ್ವನಿ ಮತ್ತೆ ಶುರುವಾಯಿತು. ಅದರ ಮೇಲೆ ಮಗುವಿನ ಧ್ವನಿ, ಯಾರಿಗೋ ಹೇಳುತ್ತಿತ್ತೋ ತನಗೇ ಹೇಳಿಕೊಳ್ಳುತ್ತಿತ್ತೋ, ಬಾಲ ಸರೀನೇ ಇದೆ, ಕಿವಿ ಮಾತ್ರ ಅನ್ನುವವರೆಗೆ ಸ್ಪಷ್ಟವಾಗಿ ಬಂತು. ಆಮೇಲೆ ಚಪ್ಪಾಳೆ ಬಿತ್ತು. ಕತ್ತರಿಯಕ್ಕ ಎರಡು ಮೆಟ್ಟಿಲು ಮೇಲೆ ಹತ್ತಿ ಬಾಗಿಲ ಕಡೆ ಕಿವಿಕೊಟ್ಟಳು. ಕಿವಿ ಮಾತ್ರ ಏನು ಅನ್ನುವುದು ಕೇಳಿಸಲಿಲ್ಲ.